ಕನ್ನಮ್ಮನ ಪಾಲು

ಹಿನ್ನೀರಿನ ಮೇಲೆ ಕವಿದ ಮಂಜಿನಲ್ಲಿ ಲಾಂಚು ಚಲಿಸುತ್ತಿದೆಯೋ ನಿಂತಿದೆಯೋ ತಿಳಿಯುತ್ತಿರಲಿಲ್ಲ. ಮುಳುಗಡೆಯ ಒಣಮರಗಳು ಒಂದೊಂದಾಗಿ ನೀರಿನಿಂದೆದ್ದು ಹತ್ತಿರ ಬಂದು, ಏನೋ ಹೇಳಲು ಮರೆತವರಂತೆ ಮತ್ತೆ ಬಿಳಿಯೊಳಗೆ ಕರಗುತ್ತಿದ್ದವು.

"ಹುಡುಗ ಚಲೋ ಇದಾನೆ. ಜೋಗದಲ್ಲಿ ಕೆಲಸ ಇದೆ. ನಿಂಗೂ ಮನಸ್ಸಿದೆ," ಅಂದ ಅಪ್ಪಯ್ಯ. "ಆದ್ರೆ ಅವನಪ್ಪ ಹೂವಪ್ಪ ಮನುಷ್ಯನ್ನ ಕೊಂದವ. ಅದು ರಕ್ತದಲ್ಲಿ ಬರ್ತದಾ ಇಲ್ವಾ? ಅದನ್ನೇ ಓದಿದೀಯಲ್ಲ ಪ್ರತಿಮಾ, ನೀನೇ ಹೇಳು. ಬರ್ತದೆ ಅಂದ್ರೆ ಇವತ್ತೇ ಬೇಡ ಅಂತ ಹೇಳಿ ಬರುವ."

ನಾನು ಓದಿದ್ದು ಮನಶ್ಶಾಸ್ತ್ರ. ಅಪರಾಧಕ್ಕೆ ದೇಹದಲ್ಲೇ ಕಾರಣವಿದೆಯೇ ಎಂಬುದು ನನ್ನ ಪ್ರಬಂಧ. ತಲೆಬುರುಡೆ ಅಳೆದವರಿಂದ ಹಿಡಿದು ಜೀನ್ ಹುಡುಕಿದವರವರೆಗೆ ಎಲ್ಲರ ವಾದವನ್ನೂ ತೂಗಿ, ಕೊನೆಗೆ 'ಖಚಿತವಾಗಿ ಹೇಳಲಾಗದು' ಎಂದು ಬರೆದು ಒಳ್ಳೆಯ ಅಂಕ ಪಡೆದಿದ್ದೆ. ಆ ವಾಕ್ಯವನ್ನು ನಂಬಿ ಮದುವೆಯಾಗುವುದು ಹೇಗೆ?

ಲಿಖಿತ್ ನನಗೆ ಹಿಡಿಸಿದ್ದು ಅವನ ಮೌನಕ್ಕೆ. ನೆಂಟರ ಮದುವೆಯಲ್ಲಿ ಪಕ್ಕದಲ್ಲಿ ಕೂತು ಊಟ ಮುಗಿಸಿ, ಏಳುವಾಗ ಒಂದೇ ಮಾತಾಡಿದ್ದ: "ನೀವೂ ಮಾತು ಕಮ್ಮಿ."

ಲಾಂಚಿಳಿದು ಮನೆ ತಲುಪಿದಾಗ ಅವನ ತಾಯಿ ಕನ್ನಮ್ಮ ಜಗಲಿಯಲ್ಲಿ ಬುಟ್ಟಿಗೆ ಚಿತ್ತಾರ ಬರೆಯುತ್ತಿದ್ದಳು. ಭೂಮಿ ಹುಣ್ಣಿಮೆ ಹತ್ತಿರವಿತ್ತು. ತೆನೆ ಹೊತ್ತ ಗದ್ದೆಯನ್ನು ಬಸುರಿ ಎಂದುಕೊಂಡು ಅದಕ್ಕೆ ಬಯಕೆಯ ಅಡುಗೆ ಒಯ್ಯುವ ಬುಟ್ಟಿ ಅದು. ಕೆಮ್ಮಣ್ಣು ಬಳಿದ ಮೈಮೇಲೆ ನಾರಿನ ಕುಂಚ ಅಕ್ಕಿಹಿಟ್ಟಿನ ಗೆರೆ ಎಳೆಯುತ್ತಿತ್ತು. ಆ ಗೆರೆ ನಿದ್ದೆಯಲ್ಲಿ ನಡೆಯುವಂತೆ ಸದ್ದಿಲ್ಲದೆ ಸಾಗುತ್ತಿತ್ತು.

ಚಾ ಕುಡಿದ ಮೇಲೆ ಅಪ್ಪಯ್ಯ ನೇರವಾಗಿಯೇ ಕೇಳಿದ. ಕತೆ ಎಲ್ಲರಿಗೂ ಗೊತ್ತಿದ್ದದ್ದೇ. ಹಂದಿ ಶಿಕಾರಿಯಲ್ಲಿ ಮೊದಲ ಗುಂಡು ಯಾರದೋ, ಹಂದಿಯ ತಲೆಯ ಪಾಲು ಅವರಿಗೆ. ಆ ಪಾಲಿಗಾಗಿ ಜಗಳವಾಗಿ ಹೂವಪ್ಪ ಜೊತೆಗಾರ ಜಟ್ಟಪ್ಪನನ್ನು ಕಡಿದಿದ್ದ. ಆಮೇಲೆ ಜೈಲಿನಲ್ಲೇ ತೀರಿಕೊಂಡ.

"ನಂಗೂ ಅದೇ ಹೆದರಿಕೆ," ಅಂದ ಬಾಗಿಲ ಬಳಿ ನಿಂತಿದ್ದ ಲಿಖಿತ್. "ಅದಕ್ಕೇ ನಾನು ಕತ್ತಿ ಮುಟ್ಟಲ್ಲ."

"ಕಾಯಿ ಸುಲಿಯೋದೂ ನಾನೇ!" ಅಂದಳು ಕನ್ನಮ್ಮ.

ಎಲ್ಲರೂ ನನ್ನ ಕಡೆ ನೋಡಿದರು. ನನ್ನ ಬಳಿ ಒಂದು ಸುಲಭದ ಉತ್ತರವಿತ್ತು. ಪತ್ರಿಕೆಯವರು ಸಿಟ್ಟಿನ ಜೀನ್ ಎಂದು ಹೆಸರಿಟ್ಟದ್ದು ಗಂಡುಮಕ್ಕಳಿಗೆ ಅಪ್ಪನಿಂದ ಬರುವುದೇ ಇಲ್ಲ. ಬಂದರೆ ಅವ್ವನಿಂದ ಮಾತ್ರ. ಅದನ್ನೇ ಹೇಳಿಬಿಟ್ಟೆ. ಅಪ್ಪಯ್ಯನ ಮುಖ ಅರಳಿತು. ಆದರೆ ಕುಂಚ ನಿಂತಿತು. ಒಬ್ಬನನ್ನು ಬಿಡಿಸುವ ಭರದಲ್ಲಿ ಇನ್ನೊಬ್ಬಳನ್ನು ಕಟ್ಟಿಹಾಕಿದ್ದೆ.

"ಹಂಗಾದ್ರೆ ನಂದಾ?" ಅಂದಳು ಕನ್ನಮ್ಮ, ಮೆಲ್ಲಗೆ. ಆಮೇಲೆ ಅವಳ ದನಿ ಏರಿತು. "ಇಷ್ಟು ವರ್ಷ ಊರೆಲ್ಲ ಅಪ್ಪನ ರಕ್ತ, ಅಪ್ಪನ ರಕ್ತ ಅಂತು. ಹೊತ್ತು ಹೆತ್ತವಳು ನಾನು, ನಂದೇನೂ ಇಲ್ವಾ ಇವನಲ್ಲಿ ಅಂತ ಉರೀತಿತ್ತು. ಈಗ ನೀನು ಪಾಲು ಕೊಟ್ಟೆ, ಅದೂ ಕೊಲೇದು! ಕೋಳಿ ಕುಯ್ಯೋಕೂ ಬಾವನ್ನ ಕರೀತೀನಿ ಮಾರಾಯ್ತಿ ನಾನು."

"ಅರ್ಧ ಹೇಳಿದೆ ಅತ್ತೆ," ಅಂದೆ. "ಅದು ಮೂರರಲ್ಲಿ ಒಬ್ಬ ಗಂಡಸಿಗೆ ಇರಬಹುದು. ಅವರಲ್ಲಿ ಹೆಚ್ಚಿನವರು ಯಾರ ಮೈಮೇಲೂ ಕೈ ಮಾಡಿದವರಲ್ಲ."

"ಮೂರರಲ್ಲಿ ಒಬ್ಬನಾ?" ಅಪ್ಪಯ್ಯ ಬೆಚ್ಚಿದ. "ಹಂಗಾದ್ರೆ ನಂಗೂ ಇರಬಹುದಾ?"

"ಇರಬಹುದು ಅಪ್ಪಯ್ಯ."

"ನಿಮ್ಮವ್ವ ಹೇಳ್ತಾನೇ ಇರ್ತಾಳೆ."

ಕನ್ನಮ್ಮನಿಗೆ ನಗು ತಡೆಯಲಾಗಲಿಲ್ಲ. ಲಿಖಿತ್ ಮಾತ್ರ ನಗಲಿಲ್ಲ. ಸಾವಿರ ಜನರ ಲೆಕ್ಕದಲ್ಲಿ ಅವನೊಬ್ಬನಿಗೆ ಉತ್ತರವಿರಲಿಲ್ಲ. ನಾನು ಅವನ ಕಡೆ ತಿರುಗಿದೆ.

"ಸಿಟ್ಟು ಬಂದಾಗ ಎಂತ ಮಾಡ್ತೀರಿ?"

"ಜಲಪಾತದ ಹತ್ರ ಹೋಗಿ ಕೂಗ್ತೀನಿ," ಅಂದ ಅವನು. "ನೀರಿನ ಸದ್ದಲ್ಲಿ ಯಾರಿಗೂ ಕೇಳಲ್ಲ."

"ಅದಕ್ಕಾ ಗಂಟಲು ಕಟ್ಟೋದು?" ಕನ್ನಮ್ಮ ಹಣೆ ಬಡಿದುಕೊಂಡಳು. "ಕಷಾಯ ಕುದಿಸಿ ಕುದಿಸಿ ಸತ್ತೆನಲ್ಲೋ!"

ನಾನು ಮೆಚ್ಚಿದ್ದ ಮೌನ ಶಾಂತಿಯಾಗಿರಲಿಲ್ಲ. ಅದು ಅವನು ತನಗೆ ತಾನೇ ಹಾಕಿಕೊಂಡ ಕಾವಲು. ಅದನ್ನು ತಿಳಿದ ಮೇಲೂ ಇವನು ಬೇಕೇ? ಬಿಳಿಯ ಹೊಗೆಯಂಥ ಧಾರೆಯ ಎದುರು ಒಬ್ಬನೇ ನಿಂತು ಬಾಯ್ತೆರೆದ ಮನುಷ್ಯ ನನ್ನ ಕಣ್ಣೆದುರು ಬಂದ. ಅವನ ಸ್ವರ ಮಾತ್ರ ಕೇಳಿಸಲಿಲ್ಲ. ಕೇಳಬೇಕು ಅನ್ನಿಸಿತು.

"ಇನ್ಮೇಲೆ ಮನೇಲೇ ಕೂಗಿ," ಅಂದೆ. "ನಾನೂ ಕೂಗ್ತೀನಿ. ಆಗಬಹುದಾ?"

"ಆಗಬಹುದು," ಅಂದ ಲಿಖಿತ್. ಸ್ವಲ್ಪ ಜೋರಾಗಿಯೇ ಅಂದ.

"ಬರ್ತದಾ ಇಲ್ವಾ ಅಂತ ಹೇಳ್ಲೇ ಇಲ್ಲ ನೀನು," ಅಂದ ಅಪ್ಪಯ್ಯ.

"ಗೊತ್ತಿಲ್ಲ ಅಪ್ಪಯ್ಯ. ಗೊತ್ತಿಲ್ಲದೇನೇ ಒಪ್ಪಿದೀನಿ."

ಸಂಬಂಧ ಬೇಡವಾದವರು ಹೆಣ್ಣು ಗಂಡಿನ ಮಾತಿಗೆ ಹೋದ ಮನೆಯ ಎಲೆಯಡಿಕೆಯ ಕವಳ ಮುಟ್ಟುವುದಿಲ್ಲ. ಅಪ್ಪಯ್ಯ ಅಂಗಳದಾಚೆಯ ಗದ್ದೆಯನ್ನು ಬಹಳ ಹೊತ್ತು ನೋಡಿದ. ಮಂಜು ಹರಿದು ತೆನೆಗಳು ಒಂದೊಂದಾಗಿ ಕಾಣತೊಡಗಿದ್ದವು.

"ಕವಳದ ತಟ್ಟೆ ತಾ ತಂಗಿ," ಅಂದ ಕನ್ನಮ್ಮನಿಗೆ.