ಹಗೇವಿನಲ್ಲಿ ಮಲಗಿದ್ದ ಸೀಸೆ

ಕಂದೀಲಿನ ಬೆಳಕಿಗೆ ಸೀಸೆ ಹಿಡಿದು ನೋಡಿದ ವಿಶ್ವನಾಥಪ್ಪನ ಎದೆ ಧಸಕ್ಕೆಂದಿತು. ತಳದಲ್ಲಿ ಒಂದು ಬೆರಳಿನಷ್ಟು ಕಪ್ಪು ಗಸಿ. ನಾಲ್ಕು ದಿನದಿಂದ ಗಳಿಗೆಗೊಮ್ಮೆ ಬಂದು ನೋಡುತ್ತಿದ್ದ. ಗಸಿ ಎಲ್ಲಿಗೂ ಹೋಗಿರಲಿಲ್ಲ. ಪಡಸಾಲೆಯಲ್ಲಿ ಶಾಲು ಹೊದ್ದು ಕೂತಿದ್ದ ಲೋಬೋ ಡಾಕ್ಟರು, "ಎಲ್ಲಿ ಅದಾ ನನ್ನ ಮಾಲು?" ಎಂದು ಎರಡನೆಯ ಸಲ ಕೂಗಿದರು.

ಲೋಬೋ ಗೋವೆಯವರು. ನಿಜಾಮನ ಕಾಲದಲ್ಲಿ ನಿಲಂಗಾದ ದನದ ದವಾಖಾನೆಗೆ ಬಂದು ಹನ್ನೆರಡು ವರ್ಷ ಇದ್ದವರು. ರಜಾಕಾರರು ಊರು ಹೊಕ್ಕಾಗ ವಿಶ್ವನಾಥಪ್ಪನನ್ನು ಮೂರು ದಿನ ದವಾಖಾನೆಯ ಹುಲ್ಲಿನ ಕೋಣೆಯಲ್ಲಿ ಬಚ್ಚಿಟ್ಟು, ತಾವೇ ಬಾಗಿಲಿಗೆ ಕುರ್ಚಿ ಹಾಕಿಕೊಂಡು ಕೂತಿದ್ದರು. ಗಲಾಟೆ ಮುಗಿದ ಮೇಲೆ ನೌಕರಿ ಬಿಟ್ಟು ಹೊರಟಾಗ ಅವರು ಕೇಳಿದ್ದು ಒಂದೇ: ಪೋರ್ಚುಗಲ್ಲಿನಿಂದ ತರಿಸಿದ ಈ ಪೋರ್ಟ್ ವೈನಿನ ಸೀಸೆಯನ್ನು ತಂಪು ಕತ್ತಲಲ್ಲಿ ಮಲಗಿಸಿ ಇಡಬೇಕು, ತಾವು ಬಂದು ಒಯ್ಯುವವರೆಗೆ. ಮನೆಯಲ್ಲಿ ಜೋಳದ ಹಗೇವಿಗಿಂತ ತಂಪು ಕತ್ತಲು ಬೇರೆಲ್ಲಿ? ಹೆಂಡತಿ ಭಾಗೀರಥಿಬಾಯಿಗೆ ಅದು ದನದ ಔಷಧ ಎಂದು ಹೇಳಿ, ಆ ನೆಲಮಾಳಿಗೆಯ ಮೂಲೆಯಲ್ಲಿ ಹೊಟ್ಟಿನ ಹಾಸಿಗೆ ಮಾಡಿ ಮಲಗಿಸಿದ್ದ.

ಒಯ್ಯಲು ಬರುವುದಕ್ಕೆ ಇಪ್ಪತ್ನಾಲ್ಕು ವರ್ಷ ಹಿಡಿಯಿತು. ಎಪ್ಪತ್ತೆರಡರ ಬರದಲ್ಲಿ ಹಗೇವು ತಳ ಕಂಡಿತು, ಓಣಿಯವರೆಲ್ಲ ಪರದೇಶದಿಂದ ಬಂದ ಕೆಂಪು ಮಿಲೋ ಜೋಳದ ರೊಟ್ಟಿಗೆ ಬಂದರು. ಆ ಚಳಿಗಾಲದಲ್ಲಿ ಡಾಕ್ಟರ ಕಾಗದ ಬಂತು: ಸೋಲಾಪುರಕ್ಕೆ ಬರುತ್ತೇನೆ, ಅಲ್ಲಿಂದ ಉಮರ್ಗಾ ಮೇಲೆ ನಿಮ್ಮೂರಿಗೆ. ಖುಷಿಯಿಂದ ಹಗೇವಿಗೆ ಇಳಿದ ವಿಶ್ವನಾಥಪ್ಪ ಸೀಸೆ ಎತ್ತಿ ನೋಡಿದರೆ ಒಳಗೆಲ್ಲ ರಾಡಿ. ಜೀವ ಉಳಿಸಿದವನ ಒಂದು ಸೀಸೆ ಉಳಿಸಲಾಗಲಿಲ್ಲವಲ್ಲ! ಅವತ್ತಿನಿಂದ ಅವನಿಗೆ ತುತ್ತು ಗಂಟಲಲ್ಲಿ ಇಳಿಯಲಿಲ್ಲ. ಭಾಗೀರಥಿಬಾಯಿ ಕೇಳಿ ಕೇಳಿ ಸೋತು, ಅಜೀರ್ಣವೆಂದು ಓಂಕಾಳಿನ ಕಷಾಯ ಕುಡಿಸಿದಳು.

ಈಗ ಸೀಸೆಯನ್ನು ಎರಡೂ ಕೈಯಲ್ಲಿ ಎದೆಗೆ ಹಿಡಿದು ಪಡಸಾಲೆಗೆ ಬಂದವನು ಡಾಕ್ಟರ ಮುಖ ನೋಡಲಿಲ್ಲ.

"ಕೆಟ್ಟು ಹೋಗ್ಯಾದ್ರೀ ಸಾಹೇಬ್ರ. ಒಳಗೆಲ್ಲ ರಾಡಿ ಆಗ್ಯಾದ. ನಿಮ್ಮ ಅಮಾನತ್ತು ನಂಗ ಸಂಭಾಳಸ್ಲಕ ಆಗ್ಲಿಲ್ಲ. ಮಾಫ್ ಮಾಡ್ರಿ."

ಡಾಕ್ಟರು ಸೀಸೆಯ ಹತ್ತಿರ ಕಣ್ಣು ತಂದರು. ಒಂದು ಕಣ್ಣಿಗೆ ಪೊರೆ ಬಂದಿತ್ತು.

"ಇದನ್ನ ಮಲಗಿಸಿ ಇಡು ಅಂದಿದ್ದೆ. ಗಸಿ ತಳಕ್ಕ ಕೂತದ, ನಿಲ್ಲಿಸಿದವ್ರು ಯಾರು?"

"ನಾನೇ ರೀ. ನಾಕು ದಿನ ಆಯ್ತು. ಕುಸುಬಿ ಎಣ್ಣಿ ರಾಡಿ ಆದ್ರ ನಾವು ಹಿಂಗೇ ನಿಲ್ಲಸ್ತೀವಿ. ಗಸಿ ಕೂತ್ರ ಒಂದಿಷ್ಟರೆ ತಿಳಿ ಸಿಗ್ತದ ಅಂತ..."

"ಅರೇ ಬಾಪರೇ!" ಡಾಕ್ಟರು ತೊಡೆ ತಟ್ಟಿದರು. "ನಿಂಗ ಯಾರೋ ಹೇಳಿಕೊಟ್ರು ಇದು? ಲಿಸ್ಬನ್ನದ ಸಾವ್ಕಾರ್ರೂ ಹಿಂಗೇ ಮಾಡ್ತಾರ. ಇದು ರಾಡಿ ಅಲ್ಲೋ ಹುಚ್ಚಪ್ಪಾ. ಛಲೋ ಪೋರ್ಟ್ ವಯಸ್ಸಾದ್ರ ಗಸಿ ಬಿಡ್ತದ. ಇಷ್ಟು ಗಸಿ ಅದಾ ಅಂದ್ರ ಯಾರೂ ಇದಕ್ಕ ಅಲುಗಾಡ್ಸಿಲ್ಲ ಅಂತ ಅರ್ಥ."

ವಿಶ್ವನಾಥಪ್ಪನಿಗೆ ನಂಬಿಕೆ ಬರಲಿಲ್ಲ. ಮುದುಕ ತನ್ನ ಮನಸ್ಸಿಗೆ ನೋವಾಗಬಾರದೆಂದು ಹೇಳುತ್ತಿದ್ದಾನೆ ಎಂದುಕೊಂಡ. ಬಾಯಿಗೆ ಬೀಳುವವರೆಗೆ ಯಾವುದೂ ಖರೆ ಅಲ್ಲ.

ಡಾಕ್ಟರು ಚೀಲದಿಂದ ಬಿರಡೆ ಕೀಳುವ ತಿರುಪು ತೆಗೆದು ಚುಚ್ಚಿದರು. ಬಿರಡೆ ಅರ್ಧಕ್ಕೆ ಮುರಿಯಿತು. ಉಳಿದದ್ದನ್ನು ಕೆದರಿ ತೆಗೆದರೂ ಸುರಿಯುವ ಹೊತ್ತಿಗೆ ಅವರ ಕೈ ಗಡಗಡ ನಡುಗತೊಡಗಿತು. ಸೀಸೆ ಸ್ವಲ್ಪ ಕುಲುಕಿದರೂ ಕೂತ ಗಸಿಯೆಲ್ಲ ಮೇಲೇಳುತ್ತಿತ್ತು. "ನೀ ಸುರುವು," ಎಂದರು.

ಕೊರಳಲ್ಲಿ ಲಿಂಗವಿದ್ದ ವಿಶ್ವನಾಥಪ್ಪ ಕೈ ಹಿಂದಕ್ಕೆ ಎಳೆದುಕೊಂಡ. ಮುಚ್ಚಿದ ಸೀಸೆ ಕಾಯುವುದು ಬೇರೆ, ಹೆಂಡ ಸುರಿಯುವುದು ಬೇರೆ. ಸುರಿದ ಮೇಲೆ ಕೈ ತೊಳೆಯೋಣವೆಂದರೆ ಈ ಬರದಲ್ಲಿ ಮನೆಯಲ್ಲಿ ಇದ್ದದ್ದು ಒಂದೇ ಬಿಂದಿಗೆ ನೀರು. ಆದರೆ ಕೇಳಿದವರು ಜೀವ ಉಳಿಸಿದವರು. ತನ್ನ ಎಣ್ಣೆ ಅಂಗಡಿಗೆ ಹೋಗಿ ಇನ್ನೂ ಬಳಸದ ಒಂದು ಗಾಜಿನ ಬರಣಿ ತಂದ, ಅದರ ಬಾಯಿಗೆ ಮಲಮಲ್ ಬಟ್ಟೆ ಕಟ್ಟಿದ, ಕಂದೀಲನ್ನು ಸೀಸೆಯ ಕೊರಳ ಹಿಂದೆ ಇಟ್ಟ. ನಲವತ್ತು ವರ್ಷ ಎಣ್ಣೆ ತಿಳಿ ತೆಗೆದ ಕೈ ಅದು. ನೂಲಿನಂತೆ ಕೆಂಪು ಧಾರೆ ಇಳಿಯಿತು. ಗಸಿ ಕೊರಳಿಗೆ ಬಂದದ್ದೇ ತಡ, ಕೈ ತಾನಾಗಿಯೇ ನಿಂತಿತು.

ಬಾಗಿಲಲ್ಲಿ ನಿಂತು ನೋಡುತ್ತಿದ್ದ ಭಾಗೀರಥಿಬಾಯಿಯ ಮೂಗಿಗೆ ವಾಸನೆ ಬಡಿಯಿತು. "ಇದು ದನದ ಔಷಧ ಏನ್ರೀ? ಬಿಳಿ ಎತ್ತು ಜಡ್ಡಾಗಿ ಮಲಗಿದಾಗ ಇದನ್ನೇ ಗೊಟ್ಟದಾಗ ಹಾಕಿ ಕುಡಸ್ರಿ ಅಂತ ಬಡಕೊಂಡಿದ್ದೆ!"

"ಹಾಕಿದ್ರ ಎತ್ತು ಭಾಳ ಖುಷ್ ಆಗ್ತಿತ್ತು, ವಹಿನಿ," ಎಂದು ಡಾಕ್ಟರು ನಕ್ಕರು. ಚಹಾದ ಗ್ಲಾಸಿಗೆ ಸುರಿಸಿಕೊಂಡು ಮೂಗಿನ ಹತ್ತಿರ ಹಿಡಿದರು. ಒಂದು ಗುಟುಕು ತಗೊಂಡು ಕಣ್ಣು ಮುಚ್ಚಿದರು. ಮುಚ್ಚಿದವರು ತೆರೆಯಲೇ ಇಲ್ಲ.

"ಅಂಜೂರ," ಎಂದರು ಕೊನೆಗೆ. "ಒಣ ದ್ರಾಕ್ಷಿ. ಸುಟ್ಟ ಬೆಲ್ಲ. ನಮ್ಮ ಲಗ್ನದ ಇಸವಿದ್ದು ಇದು, ವಿಶ್ವನಾಥಪ್ಪ. ಮರಿಯಾ ಹ್ವಾದ ವರ್ಷ ತೀರಿಕೊಂಡ್ಳು. ಇದೂ ಹೋಗಿರ್ತದ ಅಂತ ಅಂಜಕೋತ ಬಂದಿದ್ದೆ. ಹೋಗಿಲ್ಲ ನೋಡು. ಹಂಗೇ ಅದಾ." ಕಣ್ಣಲ್ಲಿ ನೀರಿತ್ತು, ಮುಖದ ತುಂಬ ನಗೆ. "ಒಂದು ಗುಟಕ ನೋಡ್ತಿಯೇನು?"

"ನಮಗ ನಡ್ಯಂಗಿಲ್ರೀ."

"ಗೊತ್ತದ. ನಡಿಯೋ ಮನಿ ಆಗಿದ್ರ ಇಪ್ಪತ್ನಾಲ್ಕು ವರ್ಷ ಉಳೀತಿತ್ತೇನು? ಅದಕ್ಕೇ ನಿನ್ನ ಹತ್ರ ಇಟ್ಟಿದ್ದೆ."

ವಿಶ್ವನಾಥಪ್ಪ ನಕ್ಕುಬಿಟ್ಟ. ಎದೆಯ ಮೇಲಿನ ಕಲ್ಲು ಇಳಿದಂತಾಗಿ ಅಲ್ಲೇ ಚಾಪೆಯ ಮೇಲೆ ಕೂತ. ಭಾಗೀರಥಿಬಾಯಿ ಹೆಂಡ ತಾಗಿದ ಅವನ ಕೈ ನೋಡಿದಳು. ಒಳಗೆ ಹೋಗಿ, ತನ್ನ ತಲೆದಿಂಬಿನ ಹತ್ತಿರ ರಾತ್ರಿಗೆಂದು ಇಟ್ಟುಕೊಂಡಿದ್ದ ತಂಬಿಗೆ ನೀರು ತಂದು, ಗಂಗಾಳದ ಮೇಲೆ ಕೈ ಹಿಡಿಸಿ ಒಂದು ಹನಿಯೂ ಉಳಿಸದೆ ಸುರಿದಳು.

"ಹಸಿವಿ ಆಗ್ಯಾದ," ಎಂದ ವಿಶ್ವನಾಥಪ್ಪ.

"ಅಜೀರ್ಣ ಹೋತೇನು?"

"ಹೋತು."

ಒಳಗಿನಿಂದ ರೊಟ್ಟಿ ಬಡಿಯುವ ಸದ್ದು ಬಂತು. ಡಾಕ್ಟರ ಗ್ಲಾಸು ಇನ್ನೂ ಅರ್ಧಕ್ಕೆ ಬಂದಿರಲಿಲ್ಲ, ವಿಶ್ವನಾಥಪ್ಪ ಮೂರನೆಯ ರೊಟ್ಟಿಗೆ ಕೈ ಚಾಚಿದ್ದ.