ಮಾತೇ ಇಲ್ಲ

ಮಗಳ ಪ್ರಗತಿಪತ್ರದಲ್ಲಿ ಟೀಚರ್ ಬರೆದದ್ದು ಒಂದೇ ಸಾಲು: 'ಲೆಕ್ಕದಲ್ಲಿ ಮಾತೇ ಇಲ್ಲ.' ನಾನು ಹೊಗಳಿಕೆ ಅಂದುಕೊಂಡೆ. ನಮ್ಮ ಹೊಲಿಗೆ ಅಂಗಡಿಯಲ್ಲಿ ಕೋಟು ಮೈಗೆ ಸರಿಯಾಗಿ ಕೂತರೆ ಗಿರಾಕಿಗಳು ಹೇಳುವುದೂ ಅದನ್ನೇ: ಮಾತೇ ಇಲ್ಲ ಬಿಡಿ. ಅತ್ತೆಗೆ ಎರಡು ಸಲ ಓದಿ ಹೇಳಿದೆ. ಉಳಿದ ಬಟ್ಟೆಯಲ್ಲಿ ಗುಂಡಿಗೆ ಜೇಬಿನ ಫ್ರಾಕ್ ಹೊಲಿದುಕೊಟ್ಟೆ. ಗುಂಡಿ ಎಂದರೆ ಮಗಳೇ. ಹುಟ್ಟಿದಾಗ ಮೂಗು ಅಂಗಿಯ ಗುಂಡಿಯಷ್ಟಿತ್ತು, ಹೆಸರು ಅಂಟಿಕೊಂಡಿತು.

ಆದ್ದರಿಂದ ಪೋಷಕರ ಸಭೆಯ ದಿನ ಅಂಗಡಿ ಮುಚ್ಚಿ, ಅವಳ ಕೈ ಹಿಡಿದು ಎದೆಯುಬ್ಬಿಸಿಕೊಂಡೇ ಹೋದೆ. ಒಬ್ಬೊಬ್ಬರಿಗೆ ಹತ್ತು ನಿಮಿಷ. ಮೂರನೇ ತರಗತಿಯ ಬೆಂಚು ಗಿಡ್ಡ; ಕೂತರೆ ಮೊಣಕಾಲು ಗಲ್ಲಕ್ಕೆ ಬರುತ್ತಿತ್ತು.

"ನೀವು ಬರೆದದ್ದು ಓದಿ ತುಂಬಾ ಖುಷಿಯಾಯ್ತು ಮೇಡಂ," ಎಂದೆ.

ಟೀಚರ್ ಕನ್ನಡಕ ತೆಗೆದರು. "ಖುಷಿನಾ? ನಿಮ್ಮ ಮಗಳು ಬಾಯೇ ಬಿಡಲ್ಲ ಅಂತ ಬರೆದಿದ್ದಮ್ಮಾ ನಾನು. ಬಾಯಿಲೆಕ್ಕದಲ್ಲಿ ಸೊನ್ನೆ. ಬರೆಯೋದೆಲ್ಲ ಸರಿ ಇರುತ್ತೆ, ಆದ್ರೆ ಪಕ್ಕದವಳದ್ದು ನೋಡ್ಕೊಂಡು ಬರೀತಾಳೆ ಅಂತ ನನ್ನ ಅನುಮಾನ. ಸೋಮವಾರದಿಂದ ಎರಡನೇ ತರಗತಿ ಪಾಠ ಮತ್ತೆ ಹೇಳಿಕೊಡೋ ಗುಂಪಿಗೆ ಹಾಕ್ತೀನಿ. ಇಲ್ಲಿ ಸಹಿ ಮಾಡಿ."

ಮುಖಕ್ಕೆ ಇಸ್ತ್ರಿಪೆಟ್ಟಿಗೆ ಇಟ್ಟಂತಾಯಿತು. ಗುಂಡಿ ಹೊಸ ಜೇಬಿನೊಳಗೆ ಕೈ ತೂರಿಸಿ ನೆಲ ನೋಡುತ್ತಿದ್ದಳು. ಸಹಿ ಹಾಕಿ ಎದ್ದುಬಿಡುವುದು ಸುಲಭವಿತ್ತು. ಆದರೆ ಬಿಗಿ ಎಂದು ವಾಪಸ್ ಬಂದ ಅಂಗಿಯ ಹೊಲಿಗೆಯನ್ನು, ಎಲ್ಲಿ ಬಿಗಿ ಎಂದು ಕೇಳದೆ ನಾನು ಇದುವರೆಗೆ ಬಿಚ್ಚಿದವಳಲ್ಲ.

"ಸಹಿ ಆಮೇಲೆ ಮೇಡಂ. ನೀವು ಲೆಕ್ಕ ಕೇಳಿದಾಗ ಇವಳು ಏನು ಮಾಡ್ತಾಳೆ ಹೇಳಿ."

"ಏನೂ ಮಾಡಲ್ಲ. ಕಂಬದ ಹಾಗೆ ನಿಂತಿರ್ತಾಳೆ."

"ಕಣ್ಣು ಎಲ್ಲಿರುತ್ತೆ? ಕೈ?"

ಟೀಚರ್ ಯೋಚಿಸಿದರು. "ನನ್ನನ್ನೇ ನೋಡ್ತಾಳೆ. ಕೈ... ಫ್ರಾಕ್ ಪಕ್ಕದಲ್ಲಿ ಬೆರಳು ಆಡಿಸ್ತಿರ್ತಾಳೆ."

ಬೆರಳು ಎಂದ ಕೂಡಲೇ ನನಗೆ ಹೊಳೆಯಿತು. "ಈಗೊಂದು ಕೇಳಿ ನೋಡಿ."

"ಏಳು ನಾಲ್ಕಲೆ?"

ಗುಂಡಿಯ ಕೈ ಜೇಬಿನಿಂದ ಮೆಲ್ಲನೆ ಹೊರಬಂತು. ಮೊದಲು ಎರಡು ಬೆರಳು. ಆಮೇಲೆ ಐದು, ಮತ್ತೆ ಮೂರು.

"ಎರಡು, ಎಂಟು. ಇಪ್ಪತ್ತೆಂಟು," ಎಂದು ನಾನೇ ಓದಿ ಹೇಳಿದೆ. "ತಪ್ಪು ನಂದೇ ಮೇಡಂ. ಅಂಗಡೀಲಿ ನಾನು ಟೇಪು ಹಿಡಿದು ಸೆಂಟಿಮೀಟರ್ ಲೆಕ್ಕದಲ್ಲಿ ಅಳೀತೀನಿ, ಇವಳು ಚೀಟೀಲಿ ಬರ್ಕೋತಾಳೆ. ನಾಲ್ಕು ಜನರ ಮುಂದೆ ಒಬ್ಬರ ಸೊಂಟದ ಅಳತೆ ಕೂಗಿ ಹೇಳೋದು ಮರ್ಯಾದೆ ಅಲ್ಲ ಅಂತ ನಾನೇ ಕಲಿಸಿದ್ದು. ನಮ್ಮಲ್ಲಿ ಅಂಕಿ ಅಂದ್ರೆ ಬೆರಳು, ಅದೂ ಯಾರಿಗೂ ಕಾಣದ ಹಾಗೆ."

ಮಗಳ ಕಡೆ ತಿರುಗಿದೆ. "ಇಲ್ಲಿ ಯಾರ ಸೊಂಟವೂ ಇಲ್ಲ ಕಣೇ. ಜೋರಾಗಿ ಹೇಳು."

"ಒಂಬತ್ತು ಆರಲೆ?" ಟೀಚರ್ ಕೇಳಿದರು.

ಗುಂಡಿ ಒಮ್ಮೆ ನನ್ನ ಮುಖ ನೋಡಿದಳು. "ಐವತ್ನಾಲ್ಕು."

"ಹನ್ನೆರಡು ಎಂಟಲೆ?"

"ತೊಂಬತ್ತಾರು." ಬಾಯಿಗೆ ಹಾಕಿದ ಹೊಲಿಗೆ ಬಿಚ್ಚಿಕೊಂಡಿತ್ತು. "ಮೇಡಂ, ತೊಂಬತ್ತಾರರವರು ನಮ್ಮ ಅಂಗಡಿಗೆ ಬೇಕಾದಷ್ಟು ಜನ ಬರ್ತಾರೆ."

ಟೀಚರ್ ತಮಗೆ ಅರಿವಿಲ್ಲದೆ ಹೊಟ್ಟೆ ಒಳಗೆಳೆದುಕೊಂಡರು. ಆಮೇಲೆ ನಕ್ಕು, ಸಹಿಯ ಹಾಳೆಯನ್ನು ಮಡಚಿ ಡ್ರಾಯರಿಗೆ ಹಾಕಿದರು.

"ಇವಳು ಇಲ್ಲೇ ಇರ್ಲಿ. ಆದ್ರೆ ಮನೇಲಿ ಬಾಯಿ ಬಿಡಿಸಿ."

"ಬಿಡಿಸ್ತೀನಿ. ಇಲ್ಲಿ ನೀವೂ ಒಂದು ತಿಂಗಳು ಅವಳ ಬೆರಳ ಕಡೆ ಕಣ್ಣಿಡಿ. ಆಮೇಲೆ ಬಂದು ಕೇಳ್ತೀನಿ."

ಅವರು ಪ್ರಗತಿಪತ್ರದ ಆ ಸಾಲಿನ ಮೇಲೆ ಪೆನ್ನು ಇಟ್ಟರು. "ಇದನ್ನ ಹೊಡೆದುಹಾಕ್ಲಾ?"

"ಬೇಡ ಮೇಡಂ. ನಾನು ಓದಿದ ಅರ್ಥದಲ್ಲೇ ಇರ್ಲಿ."

ಹೊರಗೆ ತಮ್ಮ ಸರದಿಗೆ ಕಾಯುತ್ತಿದ್ದ ದಢೂತಿ ಅಪ್ಪನೊಬ್ಬರನ್ನು ಗುಂಡಿ ಮೇಲಿಂದ ಕೆಳಗೆ ನೋಡಿ ಬಾಯಿ ತೆರೆದಳು. ನಾನು ಅವಳ ಕೈ ಅದುಮಿದೆ. ಅವಳು ಬಾಯಿ ಮುಚ್ಚಿ, ಇನ್ನೊಂದು ಕೈಯನ್ನು ಫ್ರಾಕಿನ ಮರೆಗೆ ತಂದಳು. ಒಂದು ಬೆರಳು, ಮತ್ತೆ ಒಂದು, ಕೊನೆಗೆ ಮುಷ್ಟಿ. ನೂರಹತ್ತು.

ನನ್ನ ಅಂದಾಜು ನೂರೆಂಟಿತ್ತು.