ಮುದ್ದಮ್ಮನ ಹೆಸರಲ್ಲಿ ಬಂದ ಬೀಗರ ಪದ

ಹಳ್ಳಿಮೈಸೂರಿನ ಕಡೆ ಈಗ ಮದುವೆಯೆಂದರೆ ಮೈಕಿನದೇ ಕಾರುಬಾರು. ಹಸೆಗೆ ಕೂರಿಸುವಾಗ ಪದ ಹೇಳುವ ಹೆಂಗಸರು ಊರಿಗೊಬ್ಬರು ಸಿಕ್ಕರೆ ಹೆಚ್ಚು. ಅಂಥವರಲ್ಲಿ ಮುದ್ದಮ್ಮ ಒಬ್ಬಳು. ಅರಕಲಗೂಡು ಆಕೆಯ ತವರು. ತಾಯಿಯಿಂದ ಕಲಿತ ಉದ್ದದ ಹಸೆಪದ ಪೂರ್ತಿ ಬರುವುದು ಈಗ ಆಕೆಗೊಬ್ಬಳಿಗೇ. ತವರಿನಲ್ಲೂ ಅದು ಮರೆತುಹೋಗಿದೆ.

ಮುದ್ದಮ್ಮನ ತಂಗಿಯ ಮಗಳು ಕವನಾ ಹೊಳೆನರಸೀಪುರದಲ್ಲಿ ಬ್ರೌಸಿಂಗ್ ಸೆಂಟರ್ ಇಟ್ಟಿದ್ದಾಳೆ. 2007ರ ಮಾಘದಲ್ಲಿ ಒಂದು ದಿನ ಅವಳು ಮನೆಗೆ ಬಂದು, “ದೊಡ್ಡವ್ವ, ಕಂಪ್ಯೂಟರಲ್ಲಿ ಪದದೋರ ಬಳಗ ಅಂತ ಒಂದೈತೆ. ನೀನೂ ಸೇರ್ಕೋ. ನಿನ್ನ ಪದ ನಾಲ್ಕೂರಿಗೆ ಕೇಳ್ಲಿ” ಎಂದಳು.

ಮುದ್ದಮ್ಮನ ಗಂಡ ಬೋರಪ್ಪನಿಗೆ ಇದು ಸರಿಬರಲಿಲ್ಲ. “ಮಕ ಕಾಣದೋರ ಸಾವಾಸ ಯಾಕಮ್ಮಿ? ಏನಾರ ಎಡವಟ್ಟಾದ್ರೆ ಯಾರ ಕೊಳ್‌ಪಟ್ಟಿ ಇಡೀಲಿ?”

“ಅದಕ್ಕೆ ಯಜಮಾನ ಅಂತ ಒಬ್ರಿಲ್ಲ ದೊಡ್ಡಪ್ಪ” ಎಂದಳು ಕವನಾ. “ಹಾಸನದೋರ ಪದ ಹಾಸನದ ಕಂಪ್ಯೂಟರಲ್ಲಿ, ನಮ್ದು ನನ್ನ ಅಂಗಡೀಲಿ, ಅರಕಲಗೂಡಿಂದು ಪಾಲಾಕ್ಷ ಮೇಷ್ಟ್ರ ಸ್ಕೂಲಲ್ಲಿ. ಒಬ್ರು ಬರೆದ್ರೆ ಎಲ್ಲಾ ಕಡೆಗೂ ಒಂದೊಂದು ಪ್ರತಿ ಹೋಗುತ್ತೆ. ಯಾರೋ ಒಬ್ರು ಅಂಗಡಿ ಮುಚ್ಚಿದ್ರೂ ಪದ ಉಳಿಯುತ್ತೆ.”

“ಉಳಿಯುತ್ತೆ” ಎನ್ನುವ ಮಾತು ಮುದ್ದಮ್ಮನ ಮನಸ್ಸಿಗೆ ನಾಟಿತು. ಮರುದಿನವೇ ಬಸ್ಸು ಹತ್ತಿದಳು.

ಅಂಗಡಿಯಲ್ಲಿ ಜನ ತುಂಬಿದ್ದರು. “ಯಾರಿಗೂ ಗೊತ್ತಿಲ್ಲದ ಒಂದು ಗುಟ್ಟಿನ ಮಾತು ಹೇಳು ದೊಡ್ಡವ್ವ, ಅದೇ ನಿನ್ನ ಪಾಸ್‌ವರ್ಡು” ಎಂದಳು ಕವನಾ.

“ಮನೆದೇವ್ರ ನೆನೀದೆ ಯಾವ ಕೆಲ್ಸ ಸುರು ಮಾಡಿವ್ನಿ ನಾನು? ಗದ್ದವಳ್ಳಿ ಲಕ್ಷ್ಮೀದೇವಿ ಅಂತ ಬರ್ಕೊ.”

ದೇವರ ಹೆಸರು ಬೇಡವೆನ್ನಲು ಕವನಾಗೆ ಬಾಯಿ ಬರಲಿಲ್ಲ. ಹಾಗೇ ಬರೆದುಬಿಟ್ಟಳು. ತಪ್ಪಾದದ್ದು ಅಲ್ಲಿಯೇ.

ಬಳಗದಲ್ಲಿ ಮುದ್ದಮ್ಮನ ಪದಗಳಿಗೆ ಒಳ್ಳೆಯ ಮಾತುಗಳು ಬಂದವು. ಅರಕಲಗೂಡಿನ ಹೆಂಗಸರಂತೂ, “ನಮ್ಮೂರ ಮಗಳು! ಬರುವ ಭಾನುವಾರ ಹನ್ನೊಂದು ಜನ ಬರ್ತೀವಿ, ಹಸೆಪದ ಕಲಿಸಿಕೊಡು” ಎಂದು ಬರೆಸಿದರು. ಮುದ್ದಮ್ಮ ಒಬ್ಬಟ್ಟಿಗೆ ಬೇಳೆ ಆರಿಸಿಟ್ಟಳು.

ಆದರೆ ಬುಧವಾರ ಕವನಾ ಮುಖ ಸಣ್ಣದು ಮಾಡಿಕೊಂಡು ಬಂದಳು. “ದೊಡ್ಡವ್ವ, ಅರಕಲಗೂಡಿನೋರು ಬರಲ್ವಂತೆ. ತವರನ್ನೇ ಆಡ್ಕೊಳ್ಳೋಳ ಮನೆ ಬಾಗ್ಲು ತುಳಿಯಲ್ಲ ಅಂತ ಬರೆಸವ್ರೆ.”

“ನಾನೇನಂದೆ ಅವ್ರಿಗೆ?”

ಕವನಾ ಚೀಟಿ ತೆಗೆದು ಓದಿದಳು. ಸೋಮವಾರ ಮುದ್ದಮ್ಮನ ಹೆಸರಿನಲ್ಲೇ ಬಳಗಕ್ಕೆ ಹೋದ ಪದ:

ಅರಕಲಗೂಡಿನ ಅಕ್ಕದೀರು ಹಾಡಕ್ಕೆ ಕೂತರೆ
ಕೆರೆಗಪ್ಪೆ ಎದ್ದು ಬಂದು ನೆಂಟಸ್ತನ ಕೇಳ್ಯಾವೆ!

ಬೋರಪ್ಪನಿಗೆ ನಗು ಬಂತು, ಹೆಂಡತಿಯ ಮುಖ ನೋಡಿ ನುಂಗಿಕೊಂಡ. “ನಾ ಏಳ್ಲಿಲ್ವಾ? ಸಾಕು, ಬುಟ್ಬುಡು ಆ ಬಳಗಾವ.”

ಮುದ್ದಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು. “ಬುಟ್ರೆ ನಾನೇ ಅಂದಂಗಾಯ್ತದೆ ಕಣಿ. ಅವ್ವನ ಪದ ಅವ್ವನೂರಿಗೇ ಓಗ್ದಂಗಾಯ್ತು. ಅಳಿಸ್ಬುಡು ಮಗ ಅದ.”

“ನನ್ನ ಕಂಪ್ಯೂಟರಲ್ಲಿ ಅಳಿಸ್ಬೋದು ದೊಡ್ಡವ್ವ. ಉಳಿದೋರ ಹತ್ರ ಆಗ್ಲೇ ಹೋಗ್ಬುಟ್ಟೈತೆ. ಅಳಿಸು ಅಂತ ಅಪ್ಪಣೆ ಕೊಡೋಕೆ ಯಜಮಾನ ಇಲ್ವಲ್ಲ. ನಮ್ಮ ಬಾಗ್ಲು ನಾವೇ ಕಾಯ್ಬೇಕಿತ್ತು. ಮೊದ್ಲು ಪಾಸ್‌ವರ್ಡು ಬದಲಾಯಿಸಾಣ, ನಡಿ.”

ಮುದ್ದಮ್ಮ ಚೀಟಿಯನ್ನು ಈಸಿಕೊಂಡು ತಾನೇ ಇನ್ನೊಮ್ಮೆ ಓದಿದಳು. “ಇದು ಬೀಗರ ಪದದ ವರಸೆ. ಕಪ್ಪೆಗೆ ನೆಂಟಸ್ತನ ಕಟ್ಟೋ ಬಾಯಿ ಚನ್ನರಾಯಪಟ್ಟಣದಲ್ಲಿ ಒಂದೇ ಇರೋದು!”

ಹೊಳೆನರಸೀಪುರದ ಕಾಯಿನ್ ಫೋನಿನಿಂದ, ಚನ್ನರಾಯಪಟ್ಟಣಕ್ಕೆ ಕೊಟ್ಟ ಮಗಳ ಅತ್ತೆ ಚಿಕ್ಕಲಕ್ಷ್ಮಮ್ಮನಿಗೆ ಫೋನು ಹೋಯಿತು. ಆ ಕಡೆಯಿಂದ ನಗುವೋ ನಗು.

“ಸಿಕ್ತಾ ಬೀಗಿತ್ತಿ ನನ್ ಪದ? ಇಲ್ಲಿ ಕಂಪ್ಯೂಟರ್ ಅಂಗ್ಡೀಲಿ ನಿನ್ನೆಸ್ರು ಏಳಿ ಬಳಗಾವ ತೆಗಿ ಅಂದ್ರೆ, ಅಂಗ್ಡಿಯೋನು ಪಾಸ್‌ವರ್ಡು ಏನು ಅಂದ. ನಿಮ್ಮನೆದೇವ್ರ ಏಳ್ದೆ, ತಕ್ಕೊಂಬುಡ್ತು! ಸಂಬಂಧ ಮಾಡುವಾಗ ಮೊದ್ಲು ಕೇಳಿದ್ದೇ ಅದಲ್ವಾ?”

“ನಿನ್ ಬಾಯಿಗಿಷ್ಟು ಬೂದಿ ಆಕ! ನನ್ ತವರೋರೆಲ್ಲಾ ಓದಿ ಮುನಿಸ್ಕೊಂಡವ್ರೆ. ಭಾನುವಾರ ಬರಲ್ವಂತೆ.”

ಫೋನಿನಲ್ಲಿ ನಗು ನಿಂತಿತು. “ಅಯ್ಯೋ, ಅವ್ರಿಗೆ ಓಯ್ತಾ? ನಿಮ್ಮನೆ ಗ್ವಾಡೆ ಮ್ಯಾಲೆ ಬರ್ದಂಗೆ, ನೀನೊಬ್ಳೇ ನೋಡ್ತೀಯ ಅನ್ಕಂಡೆ ಕಣವ್ವ. ನಾನೇ ಮೇಷ್ಟ್ರಿಗೆ ಏಳ್ತೀನಿ, ತಡಿ.”

ಹೇಳಿದಂತೆ ಚಿಕ್ಕಲಕ್ಷ್ಮಮ್ಮ ಪಾಲಾಕ್ಷ ಮೇಷ್ಟ್ರಿಗೆ ಫೋನು ಮಾಡಿ ತಪ್ಪೊಪ್ಪಿಕೊಂಡಳು. ಮುದ್ದಮ್ಮನೂ ಮಾತಾಡಿ, ಕೊನೆಗೆ ಹಸೆಪದದ ಮೊದಲ ನಾಲ್ಕು ಸಾಲು ಫೋನಿನಲ್ಲೇ ಹೇಳಿದಳು. ಮೇಷ್ಟ್ರು, “ನಮ್ಮಜ್ಜಿ ಇದನ್ನ ಅರ್ಧ ಹೇಳ್ತಿದ್ರು ಕಣಮ್ಮ. ನಮ್ಮೂರ ಹೆಂಗಸರನ್ನ ನಾನೇ ಕರ್ಕೊಂಡು ಬರ್ತೀನಿ” ಎಂದರು.

ಅಂಗಡಿಯಲ್ಲಿ ಕವನಾ ಈ ಸಲ ಖಡಾಖಂಡಿತವಾಗಿ ಹೇಳಿದಳು: “ಮನೆದೇವ್ರು, ಮಕ್ಕಳ ಹೆಸರು, ಫೋನ್ ನಂಬರು, ಗಾಡಿ ನಂಬರು ಯಾವ್ದೂ ಬೇಡ. ನೆಂಟ್ರಿಗೆ ಗೊತ್ತಿರೋದು ಗುಟ್ಟಲ್ಲ. ಉದ್ದ ಇರ್ಲಿ, ನಡುವೆ ಅಂಕಿ ಇರ್ಲಿ. ನಂಗೂ ಹೇಳ್ಬೇಡ.”

“ದೇವ್ರು ಮುನಿಸ್ಕೊಳ್ಳಲ್ವಾ?”

“ದೇವ್ರನ್ನ ಬಾಯಲ್ಲಿ ನೆನಿ, ದೊಡ್ಡವ್ವ. ಬೆರಳಲ್ಲಿ ಬೇರೆ ಒತ್ತು.”

ಮುದ್ದಮ್ಮ ನಕ್ಕಳು. ಚೊಚ್ಚಲ ಮಗುವನ್ನು ಮಲಗಿಸುವಾಗ ತಾನೇ ಕಟ್ಟಿ, ಯಾರೆದುರೂ ಹಾಡದ ಒಂದು ಸಾಲು ನೆನಪಿಗೆ ಬಂತು. ಅಕ್ಷರ ಹುಡುಕಿ ಹುಡುಕಿ ಒಂದೇ ಬೆರಳಿನಲ್ಲಿ ತಾನೇ ಒತ್ತಿದಳು. ಅಷ್ಟು ಹೊತ್ತೂ ಕವನಾ ಬೀದಿ ನೋಡುತ್ತಾ ನಿಂತಿದ್ದಳು. ಏಳುವ ಮುಂಚೆ ಸೈನ್‌ಔಟ್ ಮಾಡುವುದನ್ನೂ ಮೂರು ಸಲ ಮಾಡಿಸಿ ಕಲಿಸಿದಳು.

ಭಾನುವಾರ ಹನ್ನೊಂದು ಜನ ಅಂದವರು ಹದಿನಾಲ್ಕು ಜನ ಬಂದರು. ಚಿಕ್ಕಲಕ್ಷ್ಮಮ್ಮನೂ ಬಂದಳು. ಅವಳ ಮೇಲೆ ಅರಕಲಗೂಡಿನವರು ದಾರಿಯುದ್ದಕ್ಕೂ ಕಟ್ಟಿಕೊಂಡು ಬಂದಿದ್ದ ಬೀಗರ ಪದವನ್ನು ಇಲ್ಲಿ ಬರೆಯುವಂತಿಲ್ಲ. ಅವಳೇ ಎಲ್ಲರಿಗಿಂತ ಜೋರಾಗಿ ನಕ್ಕಳು. ಆಮೇಲೆ ಮುದ್ದಮ್ಮ ಕಣ್ಣು ಮುಚ್ಚಿ ಹಸೆಪದ ಎತ್ತಿಕೊಂಡಳು. ಸಂಜೆಯ ಬಸ್ಸಿನ ಹೊತ್ತಿಗೆ ಹದಿನಾಲ್ಕು ಜನರ ಬಾಯಲ್ಲೂ ಅದು ಕೂತಿತ್ತು.

ಮರುವಾರ ಬೋರಪ್ಪ ತಾನಾಗಿಯೇ ಹೆಂಡತಿಯ ಜೊತೆ ಕವನಾಳ ಅಂಗಡಿಗೆ ಬಂದ. “ಕೋಲಾಟದೋರ ಬಳಗ ಐತಾ? ಇದ್ರೆ ನನ್ನೂ ಸೇರ್ಸು.” ಪಾಸ್‌ವರ್ಡು ಕೇಳಿದಾಗ ಸುತ್ತ ನೋಡಿ, ಹೆಂಡತಿಗೇ ಅಂದ: “ಲೇ ಮುದ್ದಿ, ಒಸಿ ಆಚೆ ಓಗು.”

ಓದುವ ಅಕ್ಕತಂಗಿಯರೇ, ಕೇಳುವ ಅಣ್ಣತಮ್ಮಂದಿರೇ, ನಿಮಗೆ ಬರುವ ಪದ, ಬೇಸಾಯ, ಕೈಕೆಲಸ ಯಾವುದೇ ಇರಲಿ, ಅಂಥವರ ಬಳಗಕ್ಕೆ ಧೈರ್ಯವಾಗಿ ಸೇರಿಕೊಳ್ಳಿ. ಯಜಮಾನನಿಲ್ಲದ ಬಳಗದಲ್ಲಿ ನಿಮ್ಮ ಹೆಸರಿಗೆ ನೀವೇ ಕಾವಲು. ಒಂದು ಬಳಗದ ಪಾಸ್‌ವರ್ಡನ್ನು ಇನ್ನೊಂದಕ್ಕೆ ಇಡಬೇಡಿ, ಕ್ಯಾಲೆಂಡರಿನ ಮೇಲೆ ಬರೆದಿಡಬೇಡಿ, ಯಾರು ಪತ್ರ ಬರೆದು ಕೇಳಿದರೂ ಕೊಡಬೇಡಿ. ನೀವಾಡದ ಮಾತು ನಿಮ್ಮ ಹೆಸರಲ್ಲಿ ಕಂಡರೆ ನಾಚಿ ಮೂಲೆ ಸೇರಬೇಡಿ; ಪಾಸ್‌ವರ್ಡು ಬದಲಾಯಿಸಿ, ಬಳಗದವರಿಗೆ ಬಾಯಿಬಿಟ್ಟು ತಿಳಿಸಿ. ಈ ಕಥೆ ಕೇಳಿ ಎದ್ದ ಮೇಲೆ ಮಾಡಬೇಕಾದ ಮೊದಲ ಕೆಲಸ ಒಂದೇ: ನಿಮ್ಮ ಪಾಸ್‌ವರ್ಡು ನಿಮ್ಮ ಬೀಗರಿಗೆ ಗೊತ್ತಾಗುವಂಥದ್ದೇ ಎಂದು ಯೋಚಿಸಿ. ಹೌದಾದರೆ, ಇವತ್ತೇ ಬದಲಾಯಿಸಿ.